ಸೋಮಾರಿ ಸಾಧಕನ ಹದಿನೆಂಟು ದೋಷಗಳು

"ಇದನ್ನ ಬರೆದೋರು ಯಾರು?"

ಶಿರಸಿಯ ಬಾಡಿಗೆ ಪುಸ್ತಕದಂಗಡಿಯ ಮೇಜಿನ ಮೇಲೆ ಪುಸ್ತಕವೊಂದು ದೊಪ್ಪನೆ ಬಿತ್ತು. ನೇತ್ರಾ ತಲೆಯೆತ್ತಿದಳು. ಎದುರಿಗೆ ನಿಂತ ಯುವಕನ ಮೂಗು ಕೆಂಪಾಗಿತ್ತು. ಸಿಟ್ಟಿಗೋ, ನೆಗಡಿಗೋ ಗೊತ್ತಾಗಲಿಲ್ಲ.

"ನಾನೇ. ಎಂತ ಆಯ್ತು?"

ಅವನು ಸುಭಾಷ. ಯಲ್ಲಾಪುರದಲ್ಲಿ ಸೈಬರ್ ಕೆಫೆ ಇಟ್ಟವನು. ಗಿರಾಕಿ ಇಲ್ಲದ ಹೊತ್ತಿನಲ್ಲಿ, ಅಂತರ್ಜಾಲದಲ್ಲಿ ಇಂಗ್ಲಿಷಿನಲ್ಲಿ ಸಿಕ್ಕ 'ಸೋಮಾರಿ ಸಾಧಕ' ಎಂಬ ಚೀನೀ ಹಾಸ್ಯ ಕಾದಂಬರಿಯನ್ನು ಕನ್ನಡಕ್ಕೆ ಇಳಿಸಿ, ಪ್ರಿಂಟು ತೆಗೆದು, ಹೊಲಿದು ಭಾಗ ಭಾಗವಾಗಿ ಈ ಅಂಗಡಿಗೆ ಕಳಿಸುತ್ತಿದ್ದ. ಹೊಲಿಗೆ ಬಿಟ್ಟ ಪ್ರತಿಗಳು ರಿಪೇರಿಗೆ ಅವನಿಗೇ ಮರಳುತ್ತಿದ್ದವು. ತಪಸ್ಸಿಗೆ ಕೂತಲ್ಲೇ ಗೊರಕೆ ಹೊಡೆದು, ನಿದ್ದೆಯಲ್ಲೇ ಅಮರತ್ವದ ಮೆಟ್ಟಿಲು ಹತ್ತುವ ಶಿಷ್ಯನೊಬ್ಬನ ಕಥೆ ಅದು. 2009ರ ಆ ಬೇಸಿಗೆಯಲ್ಲಿ ಶಿರಸಿಯ ಕಾಲೇಜು ಹುಡುಗರು ಅದಕ್ಕೆ ಸರದಿ ಕಾಯುತ್ತಿದ್ದರು.

ಅಂಗಡಿ ನೇತ್ರಾಳ ಸೋದರಮಾವನದು, ಕೂರುವವಳು ಮಾತ್ರ ಇವಳು. ಓದಿದ ಪುಸ್ತಕದ ಕೊನೆಯ ಹಾಳೆಯಲ್ಲಿ ಪೆನ್ಸಿಲಿನಿಂದ ಅಭಿಪ್ರಾಯ ಗೀಚುವುದು ಅವಳ ಚಟ.

ಸುಭಾಷ ಆ ಹಾಳೆ ಬಿಡಿಸಿ ಗಟ್ಟಿಯಾಗಿ ಓದಿದ. "'ನಗು ಬರುತ್ತದೆ. ನಾಯಕ ತಾನು ಪುಕ್ಕಲ ಅಂತ ಒಪ್ಪಿಕೊಳ್ಳುತ್ತಾನೆ, ಅದು ಇಷ್ಟ. ಹಂದಿ ಮೇಲೆ ಕೂತು ಹಾರುವ ಗುರುಗಳು ಬಹಳ ಇಷ್ಟ.' ಇಲ್ಲೀವರೆಗೆ ಸರಿ ಇತ್ತು! ಆಮೇಲೆ ಹದಿನೆಂಟು ದೋಷ!"

"ಸುಳ್ಳಾ? ಒಬ್ಬ ವೈರಿನ ಸೋಲಿಸಿದ್ರೆ ಅವನ ಚಿಕ್ಕಪ್ಪ ಬರ್ತಾನೆ. ಚಿಕ್ಕಪ್ಪ ಸೋತ್ರೆ ಅಜ್ಜ! ಆ ವಂಶದಲ್ಲಿ ಹೆಂಗಸ್ರೇ ಇಲ್ವಾ? ಇರೋ ನಾಯಕಿ ಒಬ್ಬಳು... ಚಾ ಕೊಡ್ತಾಳೆ, ನಾಚ್ತಾಳೆ, ಒಳಗೆ ಹೋಗ್ತಾಳೆ. ಮುನ್ನೂರು ಪುಟ ಚಾ ಕೊಟ್ಟು ಅವಳ ಕೈ ನೋಯೂದಿಲ್ವಾ?"

ಸುಭಾಷನಿಗೆ ನಗು ಬಂತು. ಆದರೆ ಜಗಳ ಆಡಲಿಕ್ಕೆಂದೇ ಬಸ್ಸು ಹತ್ತಿ ಅಷ್ಟು ದೂರ ಬಂದಿದ್ದನಲ್ಲ... ನುಂಗಿಕೊಂಡ.

"ಕತೆ ಚೀನಾದವ್ರದ್ದು ಮೇಡಂ. ನಂದು ಬರೀ ಅನುವಾದ!"

ಅವನು ಹೋದ ಮೇಲೆ ನೇತ್ರಾಳಿಗೆ ಯಾಕೋ ಬೇಸರವಾಯಿತು. 'ಛೇ, ಹದಿನೆಂಟು ಸ್ವಲ್ಪ ಜಾಸ್ತಿ ಆಯ್ತೇನೋ...'

ಮುಂದಿನ ಭಾಗದಲ್ಲಿ ಹೊಸ ಪಾತ್ರ ಬಂತು. ಗ್ರಂಥಭಂಡಾರ ಕಾಯುವ ಕನ್ಯೆ! ಸಾಧಕ ತಪ್ಪು ಮಾಡಿದರೆ ಗ್ರಂಥದಿಂದಲೇ ತಲೆಗೆ ಕುಟ್ಟುವವಳು. ಕಿವಿಯ ಮೇಲೆ ಪೆನ್ಸಿಲು ಸಿಕ್ಕಿಸಿಕೊಂಡವಳು!

ನೇತ್ರಾಳ ಕೈ ತಾನಾಗಿ ಕಿವಿಗೆ ಹೋಯಿತು. ಪೆನ್ಸಿಲು ಅಲ್ಲೇ ಇತ್ತು.

'ನನ್ನನ್ನ ಊರ ಮುಂದೆ ನಗೆಪಾಟಲು ಮಾಡಿದನಾ!'

ಕಣ್ಣು ತುಂಬಿ ಬಂತು. ಪುಸ್ತಕ ಮುಚ್ಚಿಟ್ಟಳು. ಕಾಲೇಜು ಹುಡುಗರಂತೂ ಆಗಲೇ "ಭಂಡಾರದಕ್ಕ" ಎಂದು ಕರೆಯತೊಡಗಿದ್ದರು. ಆ ಸಲ ಕೊನೆಯ ಹಾಳೆ ಖಾಲಿಯೇ ಹೋಯಿತು. ಅದರ ಮುಂದಿನ ಸಲವೂ.

ಮೂರನೆಯ ಸಲ ಪುಸ್ತಕ ಬರಲಿಲ್ಲ. ಸುಭಾಷನೇ ಬಂದ. ಗಡ್ಡ ಬೆಳೆದಿತ್ತು.

"ಎಂತಕ್ಕೆ ಬೈದಿಲ್ಲ?"

"ಕತೆ ಚೀನಾದವ್ರದ್ದು ಅಲ್ದಾ? ಅವ್ರು ನನ್ನ ಕಿವಿ ಯಾವಾಗ ನೋಡಿದ್ರು?"

ಸುಭಾಷ ತಲೆ ತಗ್ಗಿಸಿದ. "ಆ ಹುಡುಗಿ ಚೀನಾದಲ್ಲಿಲ್ಲ. ನಾನು ಸೇರಿಸಿದ್ದು."

"ನಗೆಪಾಟಲು ಮಾಡೂಕಾ?"

"ಕೊನೇವರೆಗೆ ಓದಿದ್ರಾ ನೀವು?"

ಓದಿರಲಿಲ್ಲ. ಅವನು ಕಪಾಟಿನಿಂದ ಆ ಭಾಗ ತೆಗೆದು ಕಡೆಯ ಪುಟ ಬಿಡಿಸಿ ಮುಂದಿಟ್ಟ.

'ಅಂದು ಸಾಧಕ ಮೊದಲ ಬಾರಿಗೆ ನಿದ್ದೆ ಬಿಟ್ಟು ಕೂತ. ಅಮರನಾಗಲಿಕ್ಕಲ್ಲ... ಅವಳು ಬೈಯುವುದನ್ನು ಕೇಳಲಿಕ್ಕೆ.'

ನೇತ್ರಾ ಅದನ್ನು ಎರಡು ಸಲ ಓದಿದಳು.

"ಇದು ಸಾಧಕನ ಮಾತಾ... ನಿಮ್ದಾ?"

"ನಂದೇ. ನೀವು ಎರಡು ಸಲ ಬೈಯದೇ ಬಿಟ್ಮೇಲೆ ಒಂದು ಸಾಲೂ ಬರಿಯೂಕಾಗ್ಲಿಲ್ಲ. ನೀವಂದ್ರೆ ನಂಗೆ ತುಂಬ ಇಷ್ಟ, ನೇತ್ರಾ."

ಅವಳು ಕಿವಿಯ ಮೇಲಿನ ಪೆನ್ಸಿಲು ತೆಗೆದು ಮೇಜಿನ ಮೇಲಿಟ್ಟಳು.

"ಭಾನುವಾರ ಇಸಳೂರಿಗೆ, ನಮ್ಮನೆಗೆ ಬನ್ನಿ. ಅಪ್ಪನ ಹತ್ರ ಮಾತಾಡಿ."

ಸುಭಾಷ ಗಡ್ಡ ಕೆರೆದುಕೊಂಡ. "ಒಬ್ನೇ ಹೆದ್ರಿಕೆ... ಅಮ್ಮನ್ನ ಕರ್ಕೊಂಡು ಬರ್ಲಾ?"

"ಅಮ್ಮ ಬರ್ಲೇಬೇಕು. ಬೇಕಾದ್ರೆ ನೀವು ಬರದಿದ್ರೂ ಅಡ್ಡಿಲ್ಲ."

"ನಾನೂ ಬರ್ತೇನೆ ಮಾರಾಯ್ತಿ... ನಿನ್ನ ನೋಡ್ಬೇಕಲ್ಲ!"

ಬಹುವಚನ ಜಾರಿಹೋದದ್ದು ಅವನಿಗೇ ಗೊತ್ತಾಗಲಿಲ್ಲ. ಅವಳಿಗೆ ಗೊತ್ತಾಯಿತು.

"ಬಾ," ಎಂದಳು ನೇತ್ರಾ, ಮೆಲ್ಲಗೆ.