ಮರೆಪ್ಪನ ಕರಣಿ

"ಅದನ್ನ ಮುಟ್ಟಬ್ಯಾಡೋ ತಮ್ಮಾ. ಮುಟ್ಟಿದ್ರ ನಿನ್ನ ಕೈ ನಿಂದಾಗಿ ಉಳಿಯಂಗಿಲ್ಲ" ಎಂದಳು ಹನುಮವ್ವ.

ಹಿಂದಿನ ವಾರವಷ್ಟೇ ಅವಳ ಗಂಡ ಮರೆಪ್ಪ ಮುಂಬೈಯ ಮುಲುಂಡಿನಲ್ಲಿ ಕಟ್ಟುತ್ತಿದ್ದ ಇದೇ ಕಟ್ಟಡದಿಂದ ಬಿದ್ದು ಸತ್ತಿದ್ದ. ಕೆಲಸದಲ್ಲಿ ಸತ್ತ ಗೌಂಡಿಯ, ಗಾರೆ ಬಳಿಯುವ ಕರಣಿಯನ್ನು ಗೋಡೆಯೊಳಗೇ ಇಟ್ಟು ಕಟ್ಟಿಬಿಡುವುದು ಆ ತಂಡದವರ ರೂಢಿ. ಅಲ್ಲಿಯವರೆಗೆ ಯಾರೂ ಎತ್ತಿಕೊಳ್ಳದಿರಲೆಂದು ಹನುಮವ್ವ ಅದಕ್ಕೆ ಕೆಂಪು ದಾರ ಸುತ್ತಿ ಮಾಟ ಮಾಡಿಸಿದ್ದಳು. ವಿಜಾಪುರದಿಂದ ಗೌಂಡಿ ಕೆಲಸಕ್ಕೆ ಬಂದು ತಿಂಗಳೂ ಆಗದ ಶಂಕ್ರೆಪ್ಪನಿಗೆ ಕರಣಿಯ ಹಿಡಿ ಕೈಗೆ ಹಿತವಾಗಿ ಕೂತಿತು.

"ಸತ್ತಾಂವಗ ಕರಣಿ ಯಾಕ? ಸ್ವರ್ಗಕ್ಕ ಪ್ಲಾಸ್ಟರ್ ಮಾಡ್ತಾನೇನು?" ಎಂದು ನಕ್ಕು ದಾರ ಕಿತ್ತೆಸೆದ.

ಮೂರನೆಯ ದಿನ ಮೇಲಿನಿಂದ ಜಾರಿದ ಇಟ್ಟಿಗೆ ಅವನ ತಲೆಯ ಎಡ ಹಿಂಭಾಗಕ್ಕೆ ಬಡಿಯಿತು. ಗಾಯ ಮಾಯಿತು, ಬಲಗೈ ಮಾತ್ರ ಅವನ ಮಾತು ಕೇಳಲಿಲ್ಲ. ನೋಡದೆ ಲೋಟಕ್ಕೆ ಚಾಚಿದರೆ ಪಕ್ಕದ ನೆಲ ತಡವುತ್ತಿತ್ತು. ಕಣ್ಣು ಮುಚ್ಚಿದರೆ ತಾನಾಗಿಯೇ ಮೇಲೇಳುತ್ತಿತ್ತು. ಕೈಯಲ್ಲಿ ಬಲವಿದೆ, ಅದು ಎಲ್ಲಿದೆಯೆಂದು ತಿಳಿಯುವ ಮೆದುಳಿನ ಜಾಗ ಹಾಳಾಗಿದೆ, ನೋಡುತ್ತಿದ್ದಷ್ಟು ಹೊತ್ತು ಹೇಗೋ ನಡೆಯುತ್ತದೆ ಎಂದರು ಸಯನ್ ಆಸ್ಪತ್ರೆಯ ಡಾಕ್ಟರು. ಹನುಮವ್ವ ಹೇಳಿದ್ದೂ ಅದನ್ನೇ, ಭಾಷೆ ಮಾತ್ರ ಬೇರೆ. ಶಂಕ್ರೆಪ್ಪನಿಗೆ ಈಗ ನಗು ಬರಲಿಲ್ಲ. ಹೋಗಿ ಅವಳ ಕಾಲು ಹಿಡಿದ. ಮಾಟ ಕಟ್ಟಿಸಲು ಬಂದಿತ್ತು, ಬಿಚ್ಚಿಸಲು ತನಗೆ ಬರುವುದಿಲ್ಲ ಎಂದು ಅವಳು ಮುಖ ತಿರುಗಿಸಿದಳು.

ಕೆಲಸ ಹೋಯಿತು. ಉಳಿದದ್ದು ಹೆಂಡತಿ ಸುಂದ್ರವ್ವ ಮತ್ತು ಮೂರು ತಿಂಗಳ ಮಗಳು. ಬಿಡಾರ ಅದೇ ಕಟ್ಟಡದ ಮೊದಲ ಮಹಡಿಯಲ್ಲಿ, ತಡೆಗೋಡೆಯಿಲ್ಲದ ಅಂಚಿನಲ್ಲಿ. ಹಸಿ ಸಿಮೆಂಟಿನ ವಾಸನೆ ಅನ್ನಕ್ಕೂ ಅಂಟಿತ್ತು. ಅವನು ಬೇಡಿಕೊಂಡನೆಂದು ಒಂದು ಸಂಜೆ ಸುಂದ್ರವ್ವ ಮಗುವನ್ನು ಅವನ ಕೈಗಿತ್ತು, ಕೈಯಿಂದ ಕಣ್ಣು ತೆಗೆಯಬೇಡಿ ಎಂದು ಹೇಳಿ ನೀರಿಗೆ ಹೋದಳು.

ಅವನು ಕಣ್ಣು ತೆಗೆಯಲಿಲ್ಲ. ಅಂಚಿನಲ್ಲಿ ನಿಂತಿದ್ದ. ಮಗುವಿನ ಭಾರವೆಲ್ಲ ಬಲಗೈ ಮೇಲಿತ್ತು. ಒಲೆ ಹೊಗೆಯಾಡಿತು. ಹಸಿ ಕಟ್ಟಿಗೆ. ಕಣ್ಣು ಉರಿಯಿತು. ತಡೆದ. ನೀರಿಳಿಯಿತು. ತಡೆದ. ರೆಪ್ಪೆ ಮುಚ್ಚಿತು.

ತೆರೆದಾಗ ಬಲಗೈ ತಲೆಯ ಮೇಲಿತ್ತು. ಬೆರಳು ಅಗಲಿದ್ದವು. ಎದೆಯ ಬಳಿ ಏನೂ ಇರಲಿಲ್ಲ.

ಕೆಳಗೆ ಮರಳಿನ ರಾಶಿ. ಮಗು ಅಳುತ್ತಿತ್ತು. ಬದುಕಿತ್ತು.

ಮರುದಿನ ಸುಂದ್ರವ್ವ ಮಗುವಿನೊಂದಿಗೆ ಊರಿಗೆ ಹೊರಟಳು. ಮಗುವನ್ನು ಒಮ್ಮೆ ಮುಟ್ಟುವೆನೆಂದು ಅವನು ಅತ್ತ. ಅವಳು ಹತ್ತಿರ ತಂದು, ತಾನೇ ಬಿಗಿಯಾಗಿ ಹಿಡಿದು, "ಮುಟ್ರಿ" ಎಂದಳು.

ಪುಟ್ಟ ಪಾದ ಕಣ್ಣೆದುರೇ ಇತ್ತು. ಅವನು ಕೈ ಚಾಚಿದ. ಕಣ್ಣೀರಿನಲ್ಲಿ ಕೈ ಮಂಜಾಯಿತು. ಅದು ಪಾದದ ಪಕ್ಕದ ಗಾಳಿಯನ್ನು ಹಿಡಿದು ಮುಚ್ಚಿಕೊಂಡಿತು. ಸುಂದ್ರವ್ವ ಸ್ವಲ್ಪ ಹೊತ್ತು ಕಾದಳು, ಆಮೇಲೆ ಸ್ಟೇಶನ್ನಿನ ಕಡೆ ನಡೆದಳು.