ಚುಕ್ಕಿ ಅಳಿಸಿದ ಮುಖ

"ನನ್ನ ಅಜ್ಜೀನ ಇಲ್ಲಿಂದ ಅಳಿಸಿದ್ದು ಯಾರು?"

ಮ್ಯೂಸಿಯಂನ ಹಜಾರದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಗೋಡೆಯ ಮೇಲಿನ ಹಳೆಯ ಮುದ್ರಣಾಲಯದ ಫೋಟೋದತ್ತ ಯುವಕನೊಬ್ಬ ಬೆರಳು ಚಾಚಿ ನಿಂತಿದ್ದ. ಫೋಟೋದಲ್ಲಿ ಹನ್ನೊಂದು ಗಂಡಸರು ಯಂತ್ರಗಳ ಮುಂದೆ ಎದೆಯುಬ್ಬಿಸಿ ನಿಂತಿದ್ದರು. ಬಲತುದಿಯ ಮೇಜಿನ ಹಿಂದೆ ಬರೀ ಗೋಡೆಯಿತ್ತು.

ಮೂಲೆಯಲ್ಲಿದ್ದ ಚುಕ್ಕಿ ಫೋಟೋದೊಳಗಿನ ಆ ಖಾಲಿ ಗೋಡೆಯನ್ನೇ ನೋಡಿದಳು.

ಹಳೆಯ ಫೋಟೋಗಳ ಚುಕ್ಕಿ, ಕಲೆಗಳನ್ನು ಕಂಪ್ಯೂಟರಿನಲ್ಲಿ ಅಳಿಸುವುದೇ ಅವಳ ಕೆಲಸ. ಅದಕ್ಕೇ ಮ್ಯೂಸಿಯಂನವರೆಲ್ಲ ಅವಳಿಗೆ ಚುಕ್ಕಿ ಎಂದು ಹೆಸರಿಟ್ಟಿದ್ದರು. ಆ ಮೇಜಿನ ಹಿಂದೆ ಹೊಗೆಯಂಥ ಮಸುಕೊಂದಿತ್ತು… ಕೊಳೆ ಎಂದುಕೊಂಡು ಒರೆಸಿಬಿಟ್ಟಿದ್ದಳು!

"ಆ ಮಸುಕು ನಮ್ಮಜ್ಜಿ ಕಣ್ರೀ! ಐದು ಎಣಿಸೋವರೆಗೆ ಅಲ್ಲಾಡ್ಬೇಡಿ ಅಂದಿದ್ನಂತೆ ಫೋಟೋದವನು. ಅಜ್ಜಿ ಪುಸ್ತಕದ ಬೆನ್ನಿಗೆ ಅಂಟು ಹಚ್ತಾ ಇದ್ಲು. 'ಒಣಗಿಹೋದ್ರೆ ನಿಮ್ಮಪ್ಪ ಬಂದು ಹಚ್ತಾನಾ?' ಅಂತ ಕೈ ನಿಲ್ಲಿಸ್ಲೇ ಇಲ್ಲ. ಅವಳದ್ದು ಅಂತ ಇರೋದು ಇದೊಂದೇ ಫೋಟೋ…"

ಚುಕ್ಕಿ ಬಾಯಿ ತೆರೆಯುವಷ್ಟರಲ್ಲಿ ಮೇಲ್ವಿಚಾರಕಿ ಮುಂದೆ ಬಂದರು. "ಸ್ಕ್ಯಾನ್ ಮಾಡೋ ಯಂತ್ರದ ತಪ್ಪು. ಕ್ಷಮಿಸಿ."

'ಹೇಳಿಬಿಡು… ನಾನೇ ಅಂತ ಹೇಳಿಬಿಡು!' ಎಂದು ಮನಸ್ಸು ಕೂಗಿತು. ನಾಲಿಗೆ ಏಳಲಿಲ್ಲ.

ಅಳಿಸುವ ಮೊದಲಿನ ಸ್ಕ್ಯಾನ್ ಉಳಿದಿರಲಿಲ್ಲ, ಹಳೆಯ ಪ್ರತಿ ಗೆದ್ದಲಿನ ಪಾಲಾಗಿತ್ತು. ಹೊಸ ಪ್ರತಿ ತೆಗೆಯಲು ಬೇಕಾದ ಗಾಜಿನ ನೆಗೆಟಿವ್ ಉಗ್ರಾಣದ ಇನ್ನೂರು ಪೆಟ್ಟಿಗೆಗಳಲ್ಲಿ ಯಾವುದರಲ್ಲಿದೆಯೋ ಯಾರಿಗೂ ಗೊತ್ತಿರಲಿಲ್ಲ. ಹುಡುಕಲು ಆ ಯುವಕನೇ ಬಂದ. ಅಜ್ಜಿಯ ಕಸುಬನ್ನೇ ಹಿಡಿದ ಬೈಂಡರ್ ಅವನು, ಬೆರಳ ಸಂದಿಯಲ್ಲಿ ಯಾವಾಗಲೂ ಒಣಗಿದ ಅಂಟು. ದಿನಾ ಮಧ್ಯಾಹ್ನ ಅಂಗಡಿ ಮುಚ್ಚಿ ಬರುತ್ತಿದ್ದ. ಅವನೂ ಚುಕ್ಕಿಯೂ ಒಂದೊಂದೇ ಗಾಜನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದರು. ನಲ್ಲಿಯ ಬಳಿ ಜಗಳವಾಡುವ ಹೆಂಗಸರು, ಕ್ಷೌರದ ಕುರ್ಚಿಯಲ್ಲೇ ನಿದ್ದೆಹೋದ ಗುಮಾಸ್ತ…

"ಇವನಿಗೆ ಅರ್ಧ ಮೀಸೆ ಬೋಳಿಸಿ ಕ್ಷೌರಿಕ ಎಲ್ಲಿ ಹೋದ?"

"ಫೋಟೋ ತೆಗೆಸ್ಕೊಳ್ಳೋಕೆ ತಲೆ ಬಾಚ್ಕೊಳ್ತಿದ್ದಾನೆ," ಎಂದಳು ಚುಕ್ಕಿ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

ಅವನು ನಕ್ಕಷ್ಟೂ ಅವಳಿಗೆ ಒಳಗೊಳಗೇ ಉರಿ. ಮೂರು ವಾರದಲ್ಲಿ ಪ್ರೀತಿ ಬೆಳೆದು ನಿಂತಿತ್ತು, ಜೊತೆಗೆ ಸುಳ್ಳೂ ಬೆಳೆದಿತ್ತು. ನುಂಗಲಾರದ, ಉಗುಳಲಾರದ ಬಿಸಿತುಪ್ಪ!

ನೂರಾ ಹದಿನೇಳನೇ ಪೆಟ್ಟಿಗೆಯಲ್ಲಿ ಅಜ್ಜಿ ಸಿಕ್ಕಳು. ಅಲ್ಲಾಡಿದ ಮಸುಕಿನೊಳಗೆ ಅವಳದೇ ಮೂರು ಮುಖ ಅಕ್ಕಪಕ್ಕ, ಕೈಗಳಂತೂ ಎಣಿಕೆಗೇ ಸಿಗುವಂತಿರಲಿಲ್ಲ.

ಅವನ ಕಣ್ಣು ತುಂಬಿತು. "ನೋಡಿ, ಇಷ್ಟು ಜೀವ ಇರೋಳನ್ನ ಕೊಳೆ ಅಂದುಕೊಳ್ತಲ್ಲ ಆ ಯಂತ್ರ… ಅದಕ್ಕೆ ಕಣ್ಣಿಲ್ಲ, ಬಿಡಿ."

ಸುಮ್ಮನಿದ್ದರೆ ಎಲ್ಲ ಸುಖಾಂತ್ಯ. ಆದರೆ ಅವಳಿಂದ ಆಗಲಿಲ್ಲ.

"ಯಂತ್ರ ಅಲ್ಲ… ನಾನು. ನಾನೇ ಅಳಿಸಿದ್ದು."

ಅವನು ಗಾಜನ್ನು ಬೆಳಕಿನಿಂದ ಕೆಳಗಿಳಿಸಿದ.

"ಅವತ್ತೇ ಹೇಳಿದ್ರೆ ಬೈದು ಮರೀತಿದ್ದೆ. ಇಪ್ಪತ್ತೊಂದು ದಿನ ಪಕ್ಕದಲ್ಲೇ ಕೂತು…"

ಗಾಜನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಹೊರಟುಹೋದ.

ಮಾಡಿದ್ದುಣ್ಣೋ ಮಹಾರಾಯ! ಚುಕ್ಕಿ ಅತ್ತಳು. ಅತ್ತು ಮುಗಿಸಿ ಹೊಸ ಪ್ರತಿ ಮಾಡಿ ಗೋಡೆಗೆ ಹಾಕಿಸಿದಳು. ಕೆಳಗಿನ ಚೀಟಿಯಲ್ಲಿ ಬರೆದಳು: 'ಬಲತುದಿಯಲ್ಲಿ, ಅಂಟು ಒಣಗದಿರಲೆಂದು ಕೈ ನಿಲ್ಲಿಸದ ಬೈಂಡರ್. ಹಿಂದಿನ ಪ್ರತಿಯಲ್ಲಿ ಇವರನ್ನು ಕೊಳೆಯೆಂದು ಅಳಿಸಿದವಳು, ಯಂತ್ರದ ಮೇಲೆ ತಪ್ಪು ಹೊರಿಸಿದಾಗ ಸುಮ್ಮನಿದ್ದವಳು, ಫೋಟೋ ಕೆಲಸದ ನಾನು, ಚುಕ್ಕಿ.'

"ಮ್ಯೂಸಿಯಂ ಮಾನ ಹರಾಜು ಹಾಕ್ತೀಯಾ? ಕಿತ್ತುಹಾಕು ಅದನ್ನ!" ಎಂದು ಮೇಲ್ವಿಚಾರಕಿ ಹಾರಾಡಿದರು.

"ಚೀಟಿ ತೆಗೆದ್ರೆ ನಾನೂ ಹೋಗ್ತೀನಿ ಮೇಡಂ," ಎಂದಳು. ಅವಳ ಧ್ವನಿ ಅವಳಿಗೇ ಹೊಸದೆನಿಸಿತು.

ಚೀಟಿ ಉಳಿಯಿತು. ಬಿಟ್ಟುಹೋದ ಒಂಬತ್ತನೇ ದಿನ ಅವನು ಅದರ ಮುಂದೆ ನಿಂತಿದ್ದ. ಎರಡು ಸಲ ಓದಿದ.

"ಇಷ್ಟು ದೊಡ್ಡದಾಗಿ ಬರೀಬೇಕಿತ್ತಾ? ಊರೋರೆಲ್ಲ ನಿನ್ನನ್ನೇ ನೋಡ್ತಾರೆ."

ನಿನ್ನನ್ನು… ಮೊದಲ ಸಲ ಅವನ ಬಾಯಲ್ಲಿ ಏಕವಚನ!

"ನೋಡ್ಲಿ. ನೀವು ನೋಡಿದ್ರೆ ಸಾಕಿತ್ತು. ನೀವಿಲ್ದೆ ಆ ಉಗ್ರಾಣಕ್ಕೆ ಕಾಲಿಡೋಕೇ ಆಗ್ತಿಲ್ಲ ನಂಗೆ. ನೀವಂದ್ರೆ ಅಷ್ಟು ಇಷ್ಟ… ಕೋಪ ಹೋಯ್ತಾ?"

"ಪೂರ್ತಿ ಇಲ್ಲ."

"ಪೂರ್ತಿ ಹೋಗೋಕೆ ಎಷ್ಟು ದಿನ ಬೇಕು?"

"ಗೊತ್ತಿಲ್ಲ ಕಣೇ," ಎನ್ನುತ್ತ ಅವನು ಅವಳ ಕೈ ಹಿಡಿದುಕೊಂಡ. "ಎಷ್ಟಾದ್ರೂ ಆಗ್ಲಿ, ಬಿಟ್ಟು ಹೋಗಲ್ಲ. ಒಂಬತ್ತು ದಿನ ದೂರ ಇದ್ದು ನೋಡ್ದೆ… ನನ್ನಿಂದ ಆಗ್ಲಿಲ್ಲ."