ಹನ್ನೊಂದು ಸಲ ತುಂಬಿದ ಅರ್ಜಿ

ಹಿಟ್ಟಿನ ಅಂಟು ಕುದಿಯುವ ವಾಸನೆ ಅಂದರೆ ಅವಳಿಗೆ ಅಜ್ಜಿಯ ನೆನಪು. ಶಾಲೆ ಶುರುವಾಗುವ ಹಿಂದಿನ ದಿನ ಅಜ್ಜಿ ಒಲೆಯ ಮುಂದೆ ಕೂತು ಅಂಟು ಕಾಯಿಸಿ, ಮೊಮ್ಮಕ್ಕಳ ಪುಸ್ತಕಗಳಿಗೆಲ್ಲ ರಟ್ಟು ಹಾಕುತ್ತಿದ್ದರು. ಅದೇ ವಾಸನೆ ಇವತ್ತು ಮಧ್ಯಾಹ್ನ, ಅವಳು ಕೋಡ್ ಬರೆಯುವ ಮೇಲಿನ ಮಹಡಿಯ ಆಫೀಸಿನ ಬಾಗಿಲು ತಳ್ಳಿಕೊಂಡು ಬಂತು. ಅದರ ಹಿಂದೆಯೇ ಕೆಳಗಿನ ಅಂಗಡಿಯಲ್ಲಿ ಪುಸ್ತಕ ಹೊಲಿಯುವ ಬೈಂಡರ್.

“ಮೇಡಂ, ಗ್ರಂಥಾಲಯದ ಕೆಲಸದ ಆನ್‌ಲೈನ್ ಅರ್ಜಿಯ ಪುಟ ಮಾಡಿದ್ದು ನೀವೇ ಅಂತೆ. ಬೆಳಿಗ್ಗೆಯಿಂದ ಹನ್ನೊಂದು ಸಲ ತುಂಬಿದೆ. ‘ತಪ್ಪಿದೆ’ ಅಂತ ಎಲ್ಲ ಅಳಿಸಿಹಾಕುತ್ತೆ. ಏನು ತಪ್ಪು ಅಂತ ಮಾತ್ರ ಬಾಯಿ ಬಿಡಲ್ಲ.”

“ನೀವೇ ಏನೋ ಬಿಟ್ಟಿರ್ತೀರ.”

“ಇರಬಹುದು. ಆದ್ರೆ ಐದು ಗಂಟೆಗೆ ಕೊನೆ. ಅಂಗಡಿ ಬೇರೆ ಈ ತಿಂಗಳು ಮುಚ್ತಾರೆ. ಇದೂ ತಪ್ಪಿದ್ರೆ ನಾನು ಬೇರೆ ಊರು ನೋಡ್ಕೋಬೇಕು.”

ಬೇರೆ ಊರು! ಎರಡು ವರ್ಷದಿಂದ ಮೆಟ್ಟಿಲಲ್ಲಿ ಎದುರಾದಾಗಲೆಲ್ಲ ಗೋಡೆಗೆ ಒರಗಿ ದಾರಿ ಬಿಡುವ ಮನುಷ್ಯ.

ಕುರ್ಚಿ ತೋರಿಸಿ, ತಿರಸ್ಕರಿಸಿದ ಅರ್ಜಿಗಳೂ ಉಳಿದಿರುವ ಸರ್ವರಿನ ದಾಖಲೆ ತೆರೆದಳು. ಫೋನ್ ನಂಬರು ಹನ್ನೊಂದು ಸಲವೂ ಇತ್ತು. ‘ಬೇರೇನಾದರೂ ಹೇಳುವುದಿದ್ದರೆ’ ಎಂಬ ಕೊನೆಯ ಚೌಕದಲ್ಲಿ ಮೊದಮೊದಲು ಅನುಭವದ ವಿವರ. ಆರನೆಯದರಲ್ಲಿ, ‘ತಗೊಳ್ಳಪ್ಪ ಮಾರಾಯ.’ ಒಂಬತ್ತನೆಯದರಲ್ಲಿ: ‘ಹೇಗೂ ಯಾರೂ ಓದಲ್ಲ. ಮೇಲಿನ ಮಹಡಿಯವರು ಮೆಟ್ಟಿಲಿಳಿಯೋ ಸದ್ದಿಗೆ ನನ್ನ ಹೊಲಿಗೆ ತಪ್ಪುತ್ತೆ. ಈ ಊರು ಬಿಡೋಕೆ ಮನಸ್ಸಿಲ್ಲ.’

ಅವಳ ಕಿವಿ ಬಿಸಿಯಾಯಿತು. ಅವನು ಪಾಪ, ಫ್ಯಾನು ನೋಡುತ್ತ ಕೂತಿದ್ದ.

“ಸಿಕ್ತಾ ತಪ್ಪು?”

“ಸಿಕ್ತು. ನಂದೇ. ಬೆಳಿಗ್ಗೆ ಕೋಡ್‌ನಲ್ಲಿ ಫೋನ್ ಚೌಕದ ಹೆಸರು ಬದಲಾಯಿಸಿದೆ. ಅರ್ಜಿ ಪರೀಕ್ಷಿಸೋಕೆ ಪಿಎಚ್‌ಪಿ ಭಾಷೆಯಲ್ಲಿ ಬರೆದ ನಿಯಮ ಇನ್ನೂ ಹಳೇ ಹೆಸರನ್ನೇ ಹುಡುಕ್ತಿದೆ. ನೀವು ಎಷ್ಟು ಸಲ ಬರೆದ್ರೂ ಅದರ ಕಣ್ಣಿಗೆ ಬೀಳಲ್ಲ.”

“ಅಬ್ಬಾ! ನಾನು ನನ್ನನ್ನೇ ಬೈಕೊಂಡೆ.”

“ನಾನೂ ನಿಮ್ಮನ್ನೇ ಅಂದೆನಲ್ಲ. ತಪ್ಪಾಯ್ತು.”

ನಿಯಮ ತಿದ್ದಿದಳು. ಇನ್ಯಾರಿಗೂ ತುಂಬಿದ್ದು ಅಳಿಯದ ಹಾಗೆ ಮತ್ತೊಂದು ಸಾಲು ಸೇರಿಸಿದಳು. ನಾಲ್ಕೂ ಮುಕ್ಕಾಲಿಗೆ ಅವನು ಮತ್ತೆ ತುಂಬಿದ ಹನ್ನೆರಡನೆಯ ಅರ್ಜಿ ಹೋಯಿತು. ಅದರ ಕೊನೆಯ ಚೌಕ ಖಾಲಿ.

“ಈ ಸಲ ಏನೂ ಹೇಳೋದಿಲ್ವಾ?” ಎಂದಳು, ಪರದೆಯಿಂದ ಕಣ್ಣು ತೆಗೆಯದೆ.

“ಅಯ್ಯೋ, ಅದನ್ನೆಲ್ಲ ಓದಿದ್ರಾ?”

“ದಾಖಲೆ ಓದದೆ ತಪ್ಪು ಹುಡುಕೋದು ಹೇಗೆ?”

“ಎಷ್ಟನೇದು?”

“ಒಂಬತ್ತನೇದು. ಎರಡು ಸಲ.”

ಅವನ ಮುಖ ಕೆಂಪಾಯಿತು. ಆದರೂ ತಲೆ ತಗ್ಗಿಸಲಿಲ್ಲ. “ಬರೆದದ್ದು ನಿಜ. ನಿಮಗೆ ಬೇಜಾರಾದ್ರೆ ನಾಳೆಯಿಂದ ಹಿಂದಿನ ಬಾಗಿಲಲ್ಲಿ ಓಡಾಡ್ತೀನಿ.”

“ಬೇಡಿ. ಇಡೀ ಆಫೀಸಿನಲ್ಲಿ ದಿನಕ್ಕೆ ನಾಲ್ಕು ಸಲ ಕೆಳಗಿಳಿಯೋಳು ನಾನೊಬ್ಬಳೇ. ಅಲ್ಲಿ ನನಗೇನು ಕೆಲಸ ಇರುತ್ತೆ ಅಂದ್ಕೊಂಡ್ರಿ?”

ಅವನಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ನಗು ತಡೆಯಲಾಗಲಿಲ್ಲ. “ಕೆಲಸ ಸಿಗದೆ ಹೋದ್ರೆ?”

“ಈ ಊರಲ್ಲಿ ಪುಸ್ತಕ ಇರೋದು ಒಂದೇ ಕಡೇನಾ? ಹುಡುಕೋಣ.”

ಗಡಿಬಿಡಿಯಲ್ಲಿ ಇಬ್ಬರದೂ ಊಟವಾಗಿರಲಿಲ್ಲ. ಅವಳು ಡಬ್ಬಿ ಬಿಚ್ಚಿ, ಮುಚ್ಚಳದಲ್ಲಿ ಅರ್ಧ ಬಡಿಸಿ, ಇದ್ದ ಒಂದೇ ಚಮಚವನ್ನು ಅದರಲ್ಲಿಟ್ಟು, ಅವನ ಕಡೆ ಸರಿಸಿದಳು.